ಜಿಪ್ಸಿ ಮುಂದಿನ ಎಡಗಾಲಿ ಕಡೆ ಆಯಿಲ್ ಸೋರಿಕೆ: ನಕಲ್ ಸೀಲ್ ಹೊಸದು ಹಾಕಿದ್ರೂ ನಿಲ್ಲವಲ್ದು

ಬಾವಧನ್_ಜಿಪ್ಸಿ (ಪುಣೆ)
ಎಲ್ಲಾರಿಗೂ ನಮಸ್ಕಾರ್ರಿ. ಗಾಡಿ 2012ರ ಜಿಪ್ಸಿ ಕಿಂಗ್. ಮುಂದಿನ ಎಡಗಾಲಿ ಒಳಬದಿ, ಆಕ್ಸಲ್ ತುದಿಗೆ ಗುಂಡನ ಚೆಂಡಿನಂಥಾದ್ದು ಐತಲ್ಲ, ಅದರ ಕೆಳಗಿಂದ ಕರೀ ಎಣ್ಣಿ ಒಸರತೈತಿ. ರಾತ್ರಿ ನಿಲ್ಲಿಸಿದ್ರ ಮುಂಜಾನಿ ಪೇವರ್ ಬ್ಲಾಕ್ ಮ್ಯಾಲೆ ಅಂಗೈಯಷ್ಟು ಕಲೆ. ಎರಡು ತಿಂಗಳ ಹಿಂದ ಒಂದು ಗ್ಯಾರೇಜಿನ್ಯಾಗ ನಕಲ್ (knuckle, ಸ್ಟೀರಿಂಗ್ ತಿರುಗಿಸಿದಾಗ ಗಾಲಿ ಜೋಡಿ ತಿರಗೂ ಗಂಟು) ಸೀಲ್ ಕಿಟ್ ಹೊಸದು ಹಾಕಿಸಿದ್ದಾತು. ಮೂರೇ ವಾರಕ್ಕ ಮತ್ತ ಶುರು. ಡಿಫರೆನ್ಷಿಯಲ್ಲಿನ (ಆಕ್ಸಲ್ ನಡುವಿನ ಗೇರ್ ಡಬ್ಬಿ) ಫಿಲ್ಲರ್, ಅಂದ್ರ ಎಣ್ಣಿ ತುಂಬೂ ತೂತಿನ ಬಿರಡಿ, ಬಿಚ್ಚಿ ಬೆರಳು ಹಾಕಿದ್ರ ಎಣ್ಣಿ ತಾಗಲಿಲ್ಲ. 400 ಮಿ.ಲೀ. ಹಾಕಿದ ಮ್ಯಾಲೆ ತೂತಿನಿಂದ ಹೊರಗ ಬಂತು. ಬಲಗಡೆ ಪೂರಾ ಒಣಾ ಐತಿ. ಫ್ರೀವೀಲ್ ಹಬ್ (ಬೇಕಾದಾಗ ಗಾಲಿಯಿಂದ ಶಾಫ್ಟ್ ಬಿಡಿಸೂದು) ಇಲ್ಲ, ಎರಡನ್ನೂ ಕಾಯಂ ಜೋಡಿಸೂ ಕಂಪನಿ ಫ್ಲ್ಯಾಂಜೇ ಐತಿ. ಮಿಸ್ತ್ರಿ ಮತ್ತೊಂದು ನಕಲ್ ಸೀಲ್ ತರ್ರಿ ಅನ್ನಾಕತ್ಯಾನ. ತರೂದಾ? ಇಲ್ಲಾ ಬ್ಯಾರೆ ಏನರೆ ನೋಡೂದೈತಾ?

ಕುಂದಾಪ್ರ_ಕುರ್ಲಾ (ಮುಂಬಯಿ)
ಸೀಲ್ ತರುವ ಮುಂಚೆ ಅದು ಎಂತ ಎಣ್ಣೆ ಅಂತ ನೋಡಿ ಮಾರಾಯ್ರೆ. ಮುಂದಿನ ಗಾಲಿ ಹತ್ರ ನಾಲ್ಕೈದು ತರದ ದ್ರವ ಉಂಟು. ಬೆರಳಿಗೆ ಹಚ್ಚಿ ಮೂಸಿ. ಗಂಧಕದ ಘಾಟು, ಕೊಳೆತ ಬೆಳ್ಳುಳ್ಳಿ ಹಾಗೆ ಮೂಗಿಗೆ ಹೊಡೆದ್ರೆ ಗೇರ್ ಆಯಿಲ್. ನೀರಿನ ಹಾಗೆ ತೆಳು, ಬೆರಳಲ್ಲಿ ಜಾರ್ತದೆ, ಬಣ್ಣದ ಮೇಲೆ ಬಿದ್ರೆ ಬಣ್ಣ ಏಳ್ತದೆ ಅಂದ್ರೆ ಬ್ರೇಕ್ ಆಯಿಲ್. ಹಾಗಿದ್ರೆ ಗಾಡಿ ಓಡಿಸ್ಲೇ ಬೇಡಿ. ಬರೀ ಶಾಕ್ ಅಬ್ಸಾರ್ಬರಿನ ಮೈ ಒದ್ದೆ ಆಗಿದ್ರೆ ಅದರದ್ದೇ ಎಣ್ಣೆ. ಸ್ಟೀರಿಂಗ್ ಬಾಕ್ಸಿನಿಂದ ಇಳಿದದ್ದೂ ಆಕ್ಸಲ್ ಮೇಲೆ ಹರಿದು ಗಾಲಿಯದ್ದೇ ಅಂತ ಕಾಣ್ತದೆ.

ಬಾವಧನ್_ಜಿಪ್ಸಿ
ಗಂಧಕದ ಘಾಟೇ ರೀ. ಬೆರಳಿನ್ಯಾಗ ತಿಕ್ಕಿದ್ರ ಗ್ರೀಸಿನ ಕಣಾನೂ ಸಿಗತಾವ. ಬೂದಿ-ಕರಿ ಬಣ್ಣ, ಅಂಬಲಿ ಹದ.

ಪಾನಾಪೆಟ್ಟಿಗೆ (ಪುಣೆ)
ಹಂಗಾದ್ರೆ ರೋಗ ಗೊತ್ತಾಯ್ತು. ನಕಲ್ ಸೀಲ್ ತರಬೇಡಿ, ಅದು ಅಪರಾಧಿ ಅಲ್ಲ.

ಜಿಪ್ಸಿಯದ್ದು ಮುಚ್ಚಿದ ನಕಲ್. ಆಕ್ಸಲ್ ಕೊಳವೆಯ ತುದಿಯಲ್ಲಿರೋ ಆ ಚೆಂಡಿನ ಒಳಗೆ ಸಿವಿ ಜಾಯಿಂಟ್ (ಗಾಲಿ ಓರೆ ತಿರುಗಿದಾಗಲೂ ಶಾಫ್ಟಿನ ಬಲ ದಾಟಿಸೋ ಕೀಲು) ಕೂತಿರುತ್ತೆ. ಅಲ್ಲಿ ಇರಬೇಕಾದ್ದು ಗ್ರೀಸ್ ಮಾತ್ರ. ಡಿಫರೆನ್ಷಿಯಲ್ ಆಯಿಲ್ ಅಲ್ಲಿಗೆ ಬರದ ಹಾಗೆ ತಡೆಯೋದು ಕೊಳವೆಯ ಬಾಯಲ್ಲಿರೋ ಒಳ ಸೀಲ್. ಅದು ಹೋದಾಗ ಆಯಿಲ್ ಚೆಂಡಿಗೆ ನುಗ್ಗಿ ಗ್ರೀಸನ್ನ ಕರಗಿಸಿ, ನೀವು ಹೇಳಿದ ಅಂಬಲಿ ಮಾಡುತ್ತೆ. ಹೊರಗಿರೋ ನಕಲ್ ಸೀಲ್ ಅನ್ನೋದು ಚೆಂಡಿನ ಮೈ ಒರೆಸೋ ರಬ್ಬರ್ ಮತ್ತು ಫೆಲ್ಟ್ ಪಟ್ಟಿ, ಅಷ್ಟೇ. ಗಟ್ಟಿ ಗ್ರೀಸನ್ನ ಒಳಗಿಟ್ಟು, ಧೂಳು ನೀರನ್ನ ಹೊರಗಿಡೋದು ಅದರ ಕೆಲಸ. ತೆಳು ಎಣ್ಣೆ ಹಿಡಿಯೋಕೆ ಅದನ್ನ ಮಾಡೇ ಇಲ್ಲ. ಎಷ್ಟು ಹೊಸ ಕಿಟ್ ಹಾಕಿದರೂ ಮೂರು ವಾರಕ್ಕೆ ಸೋರುತ್ತೆ.

ಗುರುತು ಸುಲಭ. ಡಿಫರೆನ್ಷಿಯಲ್ ಮಟ್ಟ ಇಳಿದಿದ್ದು ನಕಲ್ ಒದ್ದೆ ಇದ್ರೆ ಒಳ ಸೀಲ್. ಮಟ್ಟ ಸರಿ ಇದ್ದು ಬರೀ ಗ್ರೀಸ್ ಜಿನುಗಿದ್ರೆ ಹೊರ ಸೀಲ್, ಇಲ್ಲಾ ಕಿಂಗ್‌ಪಿನ್ (ನಕಲ್ ತಿರುಗೋ ಮೇಲೆ-ಕೆಳಗಿನ ಗೂಟ) ಬೇರಿಂಗ್ ಸಡಿಲ. ಚೆಂಡಿನ ಮೇಲೆ ತೆಳ್ಳಗೆ ಗ್ರೀಸ್ ಪೊರೆ ಇರೋದು ರೋಗ ಅಲ್ಲ, ಇರಲೇಬೇಕು, ಇಲ್ಲದಿದ್ರೆ ತುಕ್ಕು ಹಿಡಿಯುತ್ತೆ. ಇನ್ನೂ ಅನುಮಾನ ಇದ್ರೆ ನಕಲ್ ಹಿಂದಿನ ಸೀಲ್ ತಟ್ಟೆಯ ಕೆಳಗಿನ ಎರಡು ಬೋಲ್ಟ್ ಸಡಿಲ ಮಾಡಿ ನೋಡಿ. ಗ್ರೀಸ್ ಆದ್ರೆ ಅಲ್ಲೇ ಕೂತಿರುತ್ತೆ. ಅಂಬಲಿ ಆದ್ರೆ ಧಾರೆ ಕಟ್ಟಿ ಇಳಿಯುತ್ತೆ.

ಥಾಣೆ_ಟಾಪ್‌ಗೇರ್ (ಮುಂಬಯಿ)
ಇಷ್ಟೆಲ್ಲ ಯಾಕೆ? 90 ಬದಲು 140 ನಂಬರ್ ಆಯಿಲ್ ಹಾಕಿ. ದಪ್ಪ ಇದ್ರೆ ಸೋರಲ್ಲ. ಹಳೇ ಲಾರಿಯವರು ಎಲ್ಲಾ ಹಾಗೇ ಮಾಡೋದು.

ತೈಲ_ತಟ್ಟೆ (ಮುಂಬಯಿ)
ತಣ್ಣಗಿದ್ದಾಗ ಮಾತ್ರ ಸೋರಲ್ಲ ಸರ್. ಘಾಟಿನಲ್ಲಿ ಬಿಸಿಯಾದ ಮೇಲೆ 140 ಕೂಡ ತೆಳುವಾಗುತ್ತೆ, ತುಟಿ ಹರಿದ ಸೀಲನ್ನ ದಾಟುತ್ತೆ. ಅಲ್ಲಿಯವರೆಗೆ ದಪ್ಪ ಎಣ್ಣೆ ಡಿಫರೆನ್ಷಿಯಲ್ಲಿನ ಚಿಕ್ಕ ಗೇರ್ ಆದ ಪಿನಿಯನ್ನಿನ ಬೇರಿಂಗಿಗೆ ಬೇಗ ತಲುಪಲ್ಲ. ಜಿಪ್ಸಿ ಆಕ್ಸಲ್ಲಿಗೆ 80ಡಬ್ಲ್ಯು-90 ದಪ್ಪದ, ಜಿಎಲ್-5 ದರ್ಜೆಯ ಗೇರ್ ಆಯಿಲ್. ಮುಂದೆ ಸುಮಾರು 2 ಲೀಟರ್, ಹಿಂದೆ ಸುಮಾರು 1.5 ಲೀಟರ್. ಲೀಟರ್ ಲೆಕ್ಕ ಅಂಗಡಿಯಲ್ಲಿ ಕೊಳ್ಳೋಕೆ ಮಾತ್ರ. ಗಾಡಿ ಸಮತಟ್ಟು ನಿಲ್ಲಿಸಿ ಫಿಲ್ಲರ್ ತೂತಿನ ಅಂಚಿಂದ ಎಣ್ಣೆ ಜಿನುಗೋವರೆಗೆ ತುಂಬಿ, ನಿಲ್ಲಿಸಿ. ಮುಂದಿನ ಗಾಲಿ ಜಾಕ್ ಮೇಲೆ ಇಟ್ಟುಕೊಂಡು ತುಂಬಿದ್ರೆ ಮಟ್ಟ ತಪ್ಪುತ್ತೆ. ಹೆಚ್ಚಾದ ಎಣ್ಣೆ ಕೊಳವೆಗಳ ಉದ್ದಕ್ಕೂ ಹೋಗಿ ಸೀಲಿನ ಮೇಲೆ ಕೂರುತ್ತೆ.

ಇನ್ನೊಂದು, ಡ್ರೈನ್ ಬಿಚ್ಚೋ ಮುಂಚೆ ಫಿಲ್ಲರ್ ಬಿಚ್ಚಿ. ಫಿಲ್ಲರ್ ತುಕ್ಕು ಹಿಡಿದು ತಿರುಗದೇ ಇದ್ರೆ ಎಣ್ಣೆ ಖಾಲಿ ಮಾಡಿಕೊಂಡ ಗಾಡಿ ಅಲ್ಲೇ ನಿಲ್ಲುತ್ತೆ.

ಥಾಣೆ_ಟಾಪ್‌ಗೇರ್
ಸರಿ, 140 ಬಿಟ್ಟೆ. ಸೀಲ್ ಉಬ್ಬಿಸೋ ಲೀಕ್-ಸ್ಟಾಪ್ ಬಾಟಲಿ ಬರುತ್ತಲ್ಲ, ಅದಾದ್ರೂ?

ತೈಲ_ತಟ್ಟೆ
ರಬ್ಬರ್ ಒಣಗಿ ಸ್ವಲ್ಪ ಕುಗ್ಗಿದ್ದರೆ ಕೆಲವು ದಿನ ತಡೆಯಬಹುದು. ತುಟಿ ಸವೆದಿದ್ರೆ, ಶಾಫ್ಟಿಗೆ ಗೀರು ಬಿದ್ದಿದ್ರೆ ಏನೂ ಆಗಲ್ಲ. ಚೆನ್ನಾಗಿರೋ ಪಿನಿಯನ್ ಸೀಲಿನ ರಬ್ಬರನ್ನೂ ಮೆತ್ತಗೆ ಮಾಡಿ ಅದನ್ನೂ ಹಾಳು ಮಾಡೋ ಸಾಧ್ಯತೆ ಇದೆ.

ಭೋಸರಿ_ಲೇಥ್ (ಪುಣೆ)
ಒಳ ಸೀಲ್ ಬದಲಿ ಮಾಡೂದು ಖರೆ, ಆದ್ರ ಅದು ಯಾಕ ಹೋತು ಅಂತ ನೋಡದ ಹಾಕಿದ್ರ ಆರು ತಿಂಗಳಿಗೆ ಮತ್ತ ಇದೇ ಪಾಡು. ಮೂರು ಕಾರಣ ಅದಾವ, ಮೂರನ್ನೂ ಅಳತಿ ಮಾಡಿ ನೋಡ್ರಿ.

ಒಂದನೇದು ಸ್ಪಿಂಡಲ್ಲಿನ (ಹಬ್ ಕೂಡೂ ಟೊಳ್ಳು ಕೊಳವಿ) ಬುಶ್. ಶಾಫ್ಟಿನ ಹೊರಗಿನ ತುದಿಗೆ ಆಸರಾ ಕೊಡೂದು ಅದೇ. ಅದು ಸವದ್ರ ಸಿವಿ ಜಾಯಿಂಟಿನ ಭಾರಕ್ಕ ಶಾಫ್ಟ್ ಕೆಳಗ ಕುಸೀತೈತಿ. ಸೀಲಿನ ತುಟಿ ಕೆಳಗ ಒತ್ತಿ, ಮ್ಯಾಲೆ ಸಂದು ಬಿಡತೈತಿ. ಅದರಾಗ ನಿಮ್ಮದು ಕಾಯಂ ಫ್ಲ್ಯಾಂಜ್. ಟೂ-ವ್ಹೀಲ್‌ನ್ಯಾಗ ಹೈವೇ ಮ್ಯಾಲೆ ಹೊಂಟ್ರೂ ಮುಂದಿನ ಶಾಫ್ಟ್ ತಿರಗತಾನ ಇರತಾವ, ಸೀಲಿಗೆ ಸೂಟಿ ಇಲ್ಲ.

ಎರಡನೇದು ಶಾಫ್ಟಿನ ಮೈ. ಸೀಲ್ ತುಟಿ ತಿಕ್ಕೋ ಜಾಗಾಕ್ಕ ಉಗರು ಆಡಿಸ್ರಿ. ಉಗರು ಸಿಕ್ಕೊಂಡ್ರ ಅಲ್ಲಿ ತೋಡು ಬಿದ್ದೈತಿ ಅಂತ ಅರ್ಥ. ಸಣ್ಣದಿದ್ರ ಹೊಸಾ ಸೀಲನ್ನ ಒಂದೂವರೆ ಮಿ.ಮೀ. ಆಚೀಚಿ ಕೂಡಿಸಿ ತುಟಿ ಬ್ಯಾರೆ ಜಾಗಾದಾಗ ಬರೂ ಹಂಗ ಮಾಡಬಹುದು, ಕೂಡೂ ಜಾಗಾದಾಗ ಅಷ್ಟು ಆಳ ಇದ್ರ ಮಾತ್ರ. ದೊಡ್ಡದಿದ್ರ ತೆಳ್ಳನ ಸ್ಟೀಲ್ ತೋಳು ಏರಿಸ್ರಿ. ಅದರ ಗೋಡಿ ಸುಮಾರು 0.28 ಮಿ.ಮೀ., ಅದೇ ಸೈಜಿನ ಸೀಲ್ ನಡೀತೈತಿ. ಪಾಲಿಶ್ ಪೇಪರ್ ಹಚ್ಚೂದಿದ್ರ ಶಾಫ್ಟಿನ ಸುತ್ತ ಹಚ್ಚ್ರಿ, ಉದ್ದಕ್ಕ ಎಳೀಬ್ಯಾಡ್ರಿ. ಉದ್ದಕ್ಕ ಎಳದ ಗೀರು ಅಂದ್ರ ಎಣ್ಣಿಗೆ ಕಾಲುವಿ ತೋಡಿಕೊಟ್ಟಂಗ. ಲೇಥಿನ ಮ್ಯಾಲೆ ಟೂಲ್ ಸರಿಸಿಕೋಂತ ಮಾಡಿದ್ರ ಸ್ಕ್ರೂ ಹಂಗ ಸುರುಳಿ ಗೀರು ಬಿದ್ದು ಎಣ್ಣೀನ ಹೊರಗ ಪಂಪ್ ಮಾಡತೈತಿ. ಭಾಳ ಮಂದಿ ಟರ್ನರ್ ಇದನ್ನ ಲಕ್ಷಕ್ಕ ತಗೊಳ್ಳೂದಿಲ್ಲ.

ಮೂರನೇದು ಬ್ರೀದರ್, ಅಂದ್ರ ಆಕ್ಸಲ್ ಒಳಗಿನ ಗಾಳಿ ಒಳಗ ಹೊರಗ ಆಡೂ ಸಣ್ಣ ಮೂತಿ. ಮೊದಲ ಅದನ್ನ ನೋಡ್ರಿ, ಖರ್ಚಿಲ್ಲ. ಆಕ್ಸಲ್ 30 ಡಿಗ್ರಿಯಿಂದ 80 ಡಿಗ್ರಿಗೆ ಬಿಸಿ ಆದ್ರ ಒಳಗಿನ ಗಾಳಿ ಒತ್ತಡ ಸುಮಾರು ಶೇ. 16 ಏರತೈತಿ. ಬ್ರೀದರ್ ಮುಚ್ಚಿದ್ರ ಆ ಒತ್ತಡ ಪೂರಾ ಸೀಲಿನ ಮ್ಯಾಲೇ. ಎಲ್ಲಾಕ್ಕಿಂತ ಮೆತ್ತಗಿದ್ದ ಸೀಲ್ ಮೊದಲ ಬಾಯಿ ಬಿಡತೈತಿ.

ಬಾವಧನ್_ಜಿಪ್ಸಿ
ಬ್ರೀದರ್ ಮುಚ್ಚಿದ್ರ ಎರಡೂ ಕಡೆ ಸೋರಬೇಕಲ್ರೀ? ಎಡಗಡೆ ಮಾತ್ರ ಯಾಕ?

ಪಾನಾಪೆಟ್ಟಿಗೆ
ನಮ್ಮ ರಸ್ತೆಗಳು ಮಧ್ಯ ಎತ್ತರ, ಅಂಚಿಗೆ ಇಳಿಜಾರು. ಎಡಕ್ಕೆ ಓಡಿಸೋ ನಮ್ಮಲ್ಲಿ ಗಾಡಿ ಯಾವಾಗಲೂ ಸ್ವಲ್ಪ ಎಡಕ್ಕೆ ವಾಲಿರುತ್ತೆ, ಆಯಿಲ್ ಆ ಕೊಳವೆಗೆ ಸರಿಯುತ್ತೆ. ನಿಮ್ಮ ಪಾರ್ಕಿಂಗ್ ಕೂಡ ಎಡಕ್ಕೆ ಇಳಿಜಾರು ಇದ್ರೆ ರಾತ್ರಿ ಇಡೀ ಸೀಲ್ ಎಣ್ಣೆಯಲ್ಲಿ ಮುಳುಗಿರುತ್ತೆ. ಎರಡು ರಾತ್ರಿ ಗಾಡಿ ಮುಖ ತಿರುಗಿಸಿ ನಿಲ್ಲಿಸಿ, ಕೆಳಗೆ ರಟ್ಟು ಹಾಸಿ. ಬಲಗಡೆಯೂ ಹನಿ ಬಿದ್ರೆ ಎರಡೂ ಸೀಲ್ ಒಟ್ಟಿಗೆ ತರಿಸಿ.

ಕುಳೆಂ_ಹೊಳೆದಾರಿ (ಗೋವಾ)
ಬ್ರೀದರ್ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ದೂಧ್‌ಸಾಗರ್ ದಾರಿಯ ಹಾಗೆ ಮೇಲಿಂದ ಮೇಲೆ ಹೊಳೆ ದಾಟುವ ಗಾಡಿಗಳಲ್ಲಿ ಇದೇ ತೊಂದರೆ ತಿರುಗಿ ಬರುತ್ತದೆ. ಬಿಸಿ ಆಕ್ಸಲ್ ತಣ್ಣೀರಿಗೆ ಇಳಿದ ಕೂಡಲೇ ಒಳಗಿನ ಗಾಳಿ ಕುಗ್ಗಿ ಹೊರಗಿನದನ್ನು ಎಳೆಯುತ್ತದೆ. ಬ್ರೀದರ್ ಮುಚ್ಚಿದ್ದರೆ ಗಾಳಿ ಬದಲು ಸೀಲಿನ ಸಂದಿನಿಂದ ನೀರು ಹೋಗುತ್ತದೆ. ಬ್ರೀದರ್ ತೆರೆದಿದ್ದು ನೀರಿನಲ್ಲಿ ಮುಳುಗಿದ್ದರೆ ಅಲ್ಲಿಂದಲೇ ನೀರು. ಫಿಲ್ಲರ್ ಬಿಚ್ಚಿದಾಗ ಹಾಲು ಹಾಕಿದ ಚಹಾ ಬಣ್ಣ ಕಂಡರೆ ಅದೇ ವಾರ ಕೆಲಸ ಮುಗಿಸಿ. ಪೂರ್ತಿ ಇಳಿಸಿ, ಅಗ್ಗದ ಗೇರ್ ಆಯಿಲ್ ತುಂಬಿ ಹತ್ತಿಪ್ಪತ್ತು ಕಿ.ಮೀ. ನಿಧಾನ ಓಡಿಸಿ, ಬಿಸಿ ಇರುವಾಗಲೇ ಇಳಿಸಿ, ಆಮೇಲೆ ಒಳ್ಳೆಯದು ತುಂಬಿ. ಡೀಸೆಲ್ ಹಾಕಿ ತೊಳೆಯುವ ಅಭ್ಯಾಸ ಬೇಡ, ಕೊಳವೆಗಳಲ್ಲಿ ಉಳಿದ ಡೀಸೆಲ್ ಹೊಸ ಎಣ್ಣೆಯನ್ನು ತೆಳು ಮಾಡುತ್ತದೆ.

ಬ್ರೀದರಿಗೆ ಉದ್ದದ ಫ್ಯೂಯಲ್ ಹೋಸ್ ಹಾಕಿ ಎಂಜಿನ್ ಕೋಣೆಯ ಹಿಂದಿನ ಗೋಡೆಯ ಮೇಲ್ಭಾಗಕ್ಕೆ ಒಯ್ಯಿರಿ. ಗಾಲಿ ತಿರುಗಿದಾಗ, ಸ್ಪ್ರಿಂಗ್ ಪೂರ್ತಿ ಇಳಿದಾಗ ಎಳೆಯದ ಹಾಗೆ ಉದ್ದ ಬಿಡಿ. ಆದರೆ ನಡುವೆ ಜೋತು ಬೀಳಬಾರದು, ಜೋತಲ್ಲಿ ನೀರು ನಿಂತು ಮತ್ತೆ ಮುಚ್ಚುತ್ತದೆ.

ನಿಗಡಿ_ಪಾನಾ_ಅಕ್ಕ (ಪುಣೆ)
ಕೆಲಸದ ಕ್ರಮ ಬರೀತೀನಿ. ಗ್ಯಾರೇಜಿಗೆ ಕೊಟ್ಟರೂ ಎದುರಿಗೆ ನಿಂತು ಇದೆಲ್ಲಾ ನೋಡ್ಕೊಳ್ಳಿ.

ಸಾಮಾನು: ಒಳ ಸೀಲ್, ನಕಲ್ ಸೀಲ್ ಕಿಟ್, ಸ್ಪಿಂಡಲ್ ಬುಶ್, ಹಬ್ ಸೀಲ್, ಫ್ಲ್ಯಾಂಜ್ ಗ್ಯಾಸ್ಕೆಟ್, ಹೊಸ ಸರ್ಕ್ಲಿಪ್, ಡ್ರೈನ್ ವಾಶರ್, ಟೈರಾಡಿಗೆ (ಗಾಲಿ ತಿರುಗಿಸೋ ಸ್ಟೀರಿಂಗ್ ಸರಳು) ಹೊಸ ಸ್ಪ್ಲಿಟ್ ಪಿನ್, ಮಾಲಿಬ್ಡಿನಮ್ ಇರೋ ಇಪಿ-2 ಗ್ರೀಸ್ 1 ಕೆ.ಜಿ., ಗೇರ್ ಆಯಿಲ್ 2.5 ಲೀಟರ್. ಪುಣೆಯ ಬಿಡಿಭಾಗದ ಪೇಟೆ ನಾನಾ ಪೇಠ್‌ಗೆ ಹೋದ್ರೆ ಹಳೇ ಸೀಲ್ ಕೈಯಲ್ಲಿ ಹಿಡ್ಕೊಂಡು ಹೋಗಿ. ಅದರ ಮುಖದ ಮೇಲೆ ಒಳ ವ್ಯಾಸ, ಹೊರ ವ್ಯಾಸ, ದಪ್ಪ ಮೂರೂ ಕೊರೆದಿರುತ್ತೆ. ದಪ್ಪ ಒಂದು ಮಿ.ಮೀ. ಬೇರೆ ಇದ್ರೂ ಬೇಡ ಅನ್ನಿ.

ಹ್ಯಾಂಡ್ ಬ್ರೇಕ್ ಹಾಕಿ, ಹಿಂದಿನ ಗಾಲಿಗಳಿಗೆ ಕಲ್ಲು ಕೊಟ್ಟು, ಆಕ್ಸಲ್ ಕೆಳಗೆ ಸ್ಟ್ಯಾಂಡ್ ಇಡಿ, ಬರೀ ಜಾಕ್ ನಂಬಬೇಡಿ. ಆಯಿಲ್ ಇಳಿಸಿ. ಕ್ಯಾಲಿಪರ್ ಬಿಚ್ಚಿ ತಂತಿಯಿಂದ ಸ್ಪ್ರಿಂಗಿಗೆ ಕಟ್ಟಿ, ಬ್ರೇಕ್ ಹೋಸಿನ ಮೇಲೆ ತೂಗುಬಿಡಬೇಡಿ. ಫ್ಲ್ಯಾಂಜಿನ ಮುಚ್ಚಳ, ಸರ್ಕ್ಲಿಪ್, ಆರು ಬೋಲ್ಟ್, ಫ್ಲ್ಯಾಂಜ್. ಆಮೇಲೆ ಲಾಕ್ ತಟ್ಟೆ, ಬೇರಿಂಗ್ ನಟ್. ಈ ನಟ್ಟಿಗೆ ಅದರದ್ದೇ ಸಾಕೆಟ್ ಬೇಕು. ಚಾಣ ಇಟ್ಟು ಸುತ್ತಿಗೆಯಲ್ಲಿ ಹೊಡೆದ್ರೆ ಅಂಚು ಮುರಿದು ಚೂರು ಬೇರಿಂಗಿಗೆ ಬೀಳುತ್ತೆ. ಹಬ್ ಹೊರಗೆ ಬಂದ ಮೇಲೆ ಸ್ಪಿಂಡಲ್ ಬೋಲ್ಟ್ ತೆಗೆದು ಸ್ಪಿಂಡಲ್ ಕಳಚಿ. ಈಗ ಸಿವಿ ಜಾಯಿಂಟ್ ಸಮೇತ ಶಾಫ್ಟ್ ನೇರ ಹೊರಗೆ ಬರುತ್ತೆ.

ಶಾಫ್ಟ್ ಹೋದ ಮೇಲೆ ಟಾರ್ಚ್ ಬಿಟ್ಟು ನೋಡಿ, ಕೊಳವೆಯ ಬಾಯಲ್ಲಿ ಒಳ ಸೀಲ್ ಕಾಣುತ್ತೆ. ಕೊಕ್ಕೆ ಇರೋ ಸ್ಲೈಡ್ ಹ್ಯಾಮರಿಂದ ಎಳೆಯಿರಿ. ಸ್ಕ್ರೂಡ್ರೈವರಿಂದ ಮೀಟಿದ್ರೆ ಕೂರೋ ಜಾಗಕ್ಕೆ ಗೀರು ಬಿದ್ದು ಹೊಸ ಸೀಲ್ ಹೊರಸುತ್ತಿಂದ ಸೋರುತ್ತೆ. ಹೊಸದನ್ನ ಹಾಕುವಾಗ ಸ್ಪ್ರಿಂಗ್ ಇರೋ ಮುಖ ಡಿಫರೆನ್ಷಿಯಲ್ ಕಡೆಗೆ, ಅಂದ್ರೆ ಎಣ್ಣೆ ಕಡೆಗೆ. ಇದನ್ನ ತಿರುಗಾ ಹಾಕಿದ ಗಾಡಿಗಳು ಕಡಿಮೆ ಇಲ್ಲ. ಹೊರ ವ್ಯಾಸಕ್ಕಿಂತ ಒಂದು ಕೂದಲಷ್ಟು ಚಿಕ್ಕ ಪೈಪ್ ತುಂಡಿಟ್ಟು ಸುತ್ತ ಸಮ ಬಡಿಯಿರಿ. ತುಟಿಗೆ ಗ್ರೀಸ್ ಹಚ್ಚಿ, ಒಣ ತುಟಿ ಮೊದಲ ಕಿ.ಮೀ.ನಲ್ಲೇ ಸುಟ್ಟುಹೋಗುತ್ತೆ.

ಶಾಫ್ಟ್ ವಾಪಸ್ ಹಾಕೋ ಗಳಿಗೆ ಇಡೀ ಕೆಲಸದಲ್ಲಿ ಸೂಕ್ಷ್ಮವಾದದ್ದು. ಶಾಫ್ಟ್ ತುದಿಯ ಸ್ಪ್ಲೈನಿನ ಹಲ್ಲು ಸೀಲಿನ ತುಟಿಗೆ ತಾಗಿದ್ರೆ ಬ್ಲೇಡಿನ ಹಾಗೆ ಸೀಳುತ್ತೆ. ಒಂದು ಕೈ ಶಾಫ್ಟಿನ ಕೆಳಗೆ, ಇನ್ನೊಂದು ಜಾಯಿಂಟ್ ಮೇಲೆ, ಭಾರ ಪೂರ್ತಿ ನಿಮ್ಮ ಕೈಯಲ್ಲೇ ಇರಲಿ, ಸೀಲಿನ ಮೇಲೆ ಬೀಳಬಾರದು. ಹಲ್ಲು ದಾಟುವವರೆಗೆ ಎಣ್ಣೆ ಹಚ್ಚಿದ ತೆಳು ಪ್ಲಾಸ್ಟಿಕ್ ಹಾಳೆಯನ್ನ ಸ್ಪ್ಲೈನಿಗೆ ಸುತ್ತಿಕೊಂಡ್ರೆ ಇನ್ನೂ ಒಳ್ಳೇದು. ಹಾಳೆ ಹೊರಗೆ ಬಂತು ಅಂತ ಖಾತ್ರಿ ಮಾಡ್ಕೊಳ್ಳಿ.

ಹಳೇ ಅಂಬಲಿ ಪೂರ್ತಿ ಒರೆಸಿ, ಸಿವಿ ಜಾಯಿಂಟನ್ನ ಡೀಸೆಲ್ಲಲ್ಲಿ ತೊಳೆದು ಒಣಗಿಸಿ, ಪಂಜರ ಮತ್ತು ಗುಂಡುಗಳ ನಡುವೆ ಬೆರಳಿಂದ ಗ್ರೀಸ್ ಒತ್ತಿ. ಚೆಂಡಿನ ಒಳಗೆ ಮೂರರಲ್ಲಿ ಎರಡು ಪಾಲು ತುಂಬಿ, ಪೂರ್ತಿ ಬೇಡ. ಬಿಸಿಯಾದಾಗ ಹಿಗ್ಗೋಕೆ ಜಾಗ ಬೇಕು.

ಡೋಂಬಿವಲಿ_ದೇಸಾಯಿಗಲ್ಲಿ (ಮುಂಬಯಿ)
ಅಕ್ಕಾ, ನಕಲ್ ಸೀಲಿನ ರಬ್ಬರ್ ಪೂರ್ತಿ ಉಂಗುರ. ನಕಲ್ ಬಿಚ್ಚದೆ ಹೋಗಲ್ಲ. ಬ್ಲೇಡಿಂದ ಓರೆಯಾಗಿ ಕತ್ತರಿಸಿ ಹಾಕಿ, ಸೀಳು ಮೇಲ್ಗಡೆ ಬರೋ ಹಾಗಿಟ್ರೆ ಅರ್ಧ ದಿನ ಉಳಿಯುತ್ತೆ. ಒಳಗೆ ಗ್ರೀಸ್ ಮಾತ್ರ ಇದ್ರೆ ಅದು ಸಾಕಲ್ಲ?

ನಿಗಡಿ_ಪಾನಾ_ಅಕ್ಕ
ರಸ್ತೆ ಗಾಡಿಗೆ ನಡೆಯಬಹುದು ತಮ್ಮಾ. ಮಳೆಗಾಲದಲ್ಲಿ ಕೆಸರು ಎರಚಿದಾಗ ಆ ಸೀಳಿನಿಂದಲೇ ನೀರು ಹೋಗೋದು. ಅದಕ್ಕಿಂತ ಮುಖ್ಯ, ನಕಲ್ ಬಿಚ್ಚದೆ ಕಿಂಗ್‌ಪಿನ್ ಬೇರಿಂಗ್ ನೋಡೋಕಾಗಲ್ಲ. ಬೇರಿಂಗ್ ಸಡಿಲ ಇದ್ರೆ ಚೆಂಡು ನಕಲ್ ನಡುವೆ ಸರಿಯಾಗಿ ಕೂರಲ್ಲ, ಹೊಸ ರಬ್ಬರ್ ಒಂದು ಕಡೆ ಒತ್ತಿ ಇನ್ನೊಂದು ಕಡೆ ಬಾಯಿ ಬಿಡುತ್ತೆ. ಅರ್ಧ ದಿನ ಉಳಿಸೋಕೆ ಹೋಗಿ ಪೂರ್ತಿ ಕೆಲಸ ಎರಡು ಸಲ ಆಗುತ್ತೆ.

ಭೋಸರಿ_ಲೇಥ್
ಅಕ್ಕಾರು ಹೇಳಿದ್ದು ಬರೋಬ್ಬರಿ. ಕಿಂಗ್‌ಪಿನ್ ಬಿಗಿ ಅಳಿಯೂದು ಸ್ಪ್ರಿಂಗ್ ತಕ್ಕಡಿಯಿಂದ. ನಕಲ್ ಸೀಲ್ ಹಾಕೂಕಿಂತ ಮೊದಲ, ಶಾಫ್ಟ್ ಇಲ್ಲದಾಗ, ಟೈರಾಡ್ ಕೂಡೂ ತೂತಿಗೆ ತಕ್ಕಡಿ ಕೊಕ್ಕಿ ಹಾಕಿ ಎಳೀರಿ. ನಕಲ್ ಅಲುಗಾಡಾಕ ಹತ್ತಿದಾಗ ಮುಳ್ಳು 1 ರಿಂದ 1.8 ಕೆ.ಜಿ. ನಡುವ ಇರಬೇಕು. ಕಡಿಮಿ ಇದ್ರ ಒಂದು 0.1 ಮಿ.ಮೀ. ಶಿಮ್ (ತೆಳ್ಳನ ಲೋಹದ ಬಿಲ್ಲಿ) ತಗೀರಿ, ಹೆಚ್ಚಿದ್ರ ಹಾಕ್ರಿ. ಮ್ಯಾಲಿನ ಪಿನ್ನಿನ ಶಿಮ್ ಮ್ಯಾಲೆ, ಕೆಳಗಿಂದು ಕೆಳಗ, ಚೀಟಿ ಹಚ್ಚಿ ಇಡ್ರಿ, ಕಲಸಬ್ಯಾಡ್ರಿ. 60-70ರ ವೇಗದಾಗ ಸ್ಟೀರಿಂಗ್ ಥರಥರ ನಡಗತಿದ್ರ ಅದಕ್ಕೂ ಭಾಳ ಸಲ ಇದೇ ಕಾರಣ. ಸ್ಟೀರಿಂಗ್ ಡ್ಯಾಂಪರ್ ಹೊಸದು ಹಾಕಿ ಮುಚ್ಚಿಡತಾರ.

ಚೆಂಡಿನ ಮೈ ಮ್ಯಾಲೆ ತುಕ್ಕಿನ ಗುಳಿ ಇದ್ರ ಪಾಲಿಶ್ ಪೇಪರ್ 400 ಹಚ್ಚಿ, ಗುಳಿಯೊಳಗ ಲೋಹದ ಎಪಾಕ್ಸಿ ತುಂಬಿ, ಒಣಗಿದ ಮ್ಯಾಲೆ ಮತ್ತ ನುಣ್ಣಗ ಮಾಡ್ರಿ. ಒಂದು ಗುಳಿ ಸಾಕು, ಹೊಸಾ ರಬ್ಬರ್ ಕೊರದು ಹಾಕತೈತಿ.

ಮಡಗಾಂವ್_ಥಾರ್ (ಗೋವಾ)
ನನ್ನದು 2021ರ ಥಾರ್. ಇದರಲ್ಲೂ ಈ ಒಳ ಸೀಲ್, ಚೆಂಡು ಎಲ್ಲಾ ಉಂಟಾ? ಬಲ ಗಾಲಿ ಒಳಗೆ ಗ್ರೀಸ್ ಎರಚಿದ ಹಾಗೆ ಕಾಣ್ತದೆ.

ಕುಂದಾಪ್ರ_ಕುರ್ಲಾ
ಇಲ್ಲ. 2020ರ ನಂತರದ ಥಾರ್‌ನಲ್ಲಿ ಮುಂದೆ ಇಂಡಿಪೆಂಡೆಂಟ್ ಸಸ್ಪೆನ್ಷನ್. ಡಿಫರೆನ್ಷಿಯಲ್ ಚಾಸಿಗೆ ಕೂತಿರ್ತದೆ, ಎರಡೂ ಬದಿಗೆ ರಬ್ಬರ್ ಬೂಟ್ ಹಾಕಿದ ಶಾಫ್ಟ್. ರಿಮ್ ಒಳಗೆ, ಮಡ್‌ಗಾರ್ಡ್ ಒಳಗೆ ಗೆರೆ ಹಾಗೆ ಗ್ರೀಸ್ ಎರಚಿದೆ ಅಂದ್ರೆ ಸಿವಿ ಬೂಟ್ ಹರಿದದ್ದು. ಸ್ಟೀರಿಂಗ್ ಪೂರ್ತಿ ತಿರುಗಿಸಿ ಮಡಿಕೆ ಮಡಿಕೆ ಬಿಡಿಸಿ ನೋಡಿ. ಬೇಗ ಕಂಡ್ರೆ ಬೂಟ್, ಗ್ರೀಸ್, ಎರಡು ಕ್ಲಿಪ್‌ನಲ್ಲೇ ಮುಗೀತದೆ. ಮಣ್ಣು ಹೋಗಿ ತಿರುವಿನಲ್ಲಿ ಟಕಟಕ ಶಬ್ದ ಬಂದ್ರೆ ಜಾಯಿಂಟೇ ಬೇಕು. ಬೂಟ್ ಒಣಗಿದ್ದು, ಡಿಫರೆನ್ಷಿಯಲ್ ಬದಿಯಿಂದ ಗೇರ್ ಆಯಿಲ್ ಇಳಿದ್ರೆ ಮಾತ್ರ ಸೈಡ್ ಸೀಲ್.

ಜಿಮ್ನಿಯಲ್ಲಿ ಹಾಗಲ್ಲ, ಅದರದ್ದು ಜಿಪ್ಸಿ ಹಾಗೆ ಗಟ್ಟಿ ಆಕ್ಸಲ್, ಮುಚ್ಚಿದ ನಕಲ್. ಮೇಲೆ ಹೇಳಿದ್ದು ಬಹುಪಾಲು ಅದಕ್ಕೂ ಆಗ್ತದೆ. ಡಾನಾ 30 ಆಕ್ಸಲಿನ ಹಳೆ ರಾಂಗ್ಲರ್ ಆದ್ರೆ ಒಳ ಸೀಲ್ ಡಿಫರೆನ್ಷಿಯಲ್ ಪಕ್ಕದಲ್ಲೇ ಕೂತಿರ್ತದೆ. ಅದನ್ನು ತೆಗೀಲಿಕ್ಕೆ ಡಿಫರೆನ್ಷಿಯಲ್ ಒಳಗಿನ ಗೇರ್ ಕೂತ ಕ್ಯಾರಿಯರ್ ಇಳಿಸಬೇಕು, ಕೆಲಸ ಎರಡು ಪಟ್ಟು.

ಥಾಣೆ_ಟಾಪ್‌ಗೇರ್
ಇದೇ ಜಿಎಲ್-5 ಆಯಿಲ್ ಗೇರ್‌ಬಾಕ್ಸಿಗೂ ಹಾಕಿದ್ರೆ ಒಂದೇ ಡಬ್ಬಾದಲ್ಲಿ ಮುಗಿಯುತ್ತಲ್ಲ?

ತೈಲ_ತಟ್ಟೆ
ಬೇಡಿ ಸರ್. ಗೇರ್‌ಬಾಕ್ಸಿನಲ್ಲಿ ಗೇರ್ ಬದಲಿಸುವಾಗ ವೇಗ ಹೊಂದಿಸೋ ಸಿಂಕ್ರೊ ಉಂಗುರ ಹಿತ್ತಾಳೆ. ಜಿಎಲ್-5ರಲ್ಲಿ ಗಂಧಕ-ರಂಜಕದ ಅಂಶ ಹೆಚ್ಚು, ಡಿಫರೆನ್ಷಿಯಲ್ಲಿನ ಹೈಪಾಯಿಡ್ ಗೇರಿನ ಹಲ್ಲು ಒಂದರ ಮೇಲೊಂದು ಜಾರುತ್ತಾ ಒತ್ತೋದಕ್ಕೆ ಅಷ್ಟು ಬೇಕು. ಹಿತ್ತಾಳೆಗೆ ಅದು ಆಗಿಬರಲ್ಲ, ಉಂಗುರ ಹಿಡಿಯೋ ಬದಲು ಜಾರಿ ಗೇರ್ ಕಿರಕಿರ ಅನ್ನುತ್ತೆ. ಗೇರ್‌ಬಾಕ್ಸಿಗೆ ಜಿಎಲ್-4 ಬೇರೆ ಡಬ್ಬಾ.

ಡೋಂಬಿವಲಿ_ದೇಸಾಯಿಗಲ್ಲಿ
ವಿಷಯ ಬೇರೆ, ಆದ್ರೂ ಕೇಳ್ತೀನಿ. ಪೇವರ್ ಬ್ಲಾಕ್ ಮೇಲಿನ ಕಲೆ ಹೋಗಿಸೋದು ಹೇಗೆ? ಸೊಸೈಟಿಯಿಂದ ಎರಡು ಸಲ ಚೀಟಿ ಬಂದಿದೆ.

ನಿಗಡಿ_ಪಾನಾ_ಅಕ್ಕ
ಹಸಿ ಇರುವಾಗ ಮರದ ಹೊಟ್ಟು ಇಲ್ಲಾ ಒಣ ಸಿಮೆಂಟ್ ಪುಡಿ ಹಾಕಿ ರಾತ್ರಿ ಬಿಡಿ, ಬೆಳಿಗ್ಗೆ ಗುಡಿಸಿ. ಉಳಿದದ್ದಕ್ಕೆ ಪಾತ್ರೆ ಸೋಪು, ಬಿಸಿನೀರು, ಗಟ್ಟಿ ಬ್ರಷ್. ಪೆಟ್ರೋಲ್ ಸುರಿಯಬೇಡಿ, ಕಲೆ ಕಲ್ಲಿನ ಒಳಗೆ ಇಳಿಯುತ್ತೆ, ಬೆಂಕಿ ಭಯ ಬೇರೆ. ಇಳಿಸಿದ ಹಳೇ ಆಯಿಲ್ ಗಟಾರಕ್ಕೆ ಬಿಡಬೇಡಿ, ಡಬ್ಬಾದಲ್ಲಿ ತುಂಬಿ ಹಳೇ ಆಯಿಲ್ ಕೊಳ್ಳೋರಿಗೆ ಕೊಡಿ.

ಬಾವಧನ್_ಜಿಪ್ಸಿ
ಆಯಿತವಾರ ಬಿಚ್ಚಿದ್ದಾತ್ರಿ. ಸಿಕ್ಕಿದ್ದು ಹೇಳತೀನಿ.

ಬ್ರೀದರ್ ಬಾಯಾಗ ಕಣಜ ಮಣ್ಣಿನ ಗೂಡು ಕಟ್ಟಿತ್ತು. ಒಣಗಿ ಹಂಚಿನಂಗ ಗಟ್ಟಿ, ಬಾಯಿಂದ ಊದಿದ್ರ ಒಂದು ಚೂರೂ ಗಾಳಿ ಹೋಗಲಿಲ್ಲ. ಒಳ ಸೀಲಿನ ರಬ್ಬರ್ ಮುರುಟಿ ಹಳೇ ಬಳಿ ಹಂಗ ಆಗಿತ್ತು, ಉಗರಿಂದ ಒತ್ತಿದ್ರ ಚಟ್ ಅಂತ ಚೂರು ಬಂತು. ಕೆಳಗಿನ ಅರ್ಧ ಸವದು ಅಗಲ, ಮ್ಯಾಲಿನ ಅರ್ಧ ಹೊಸದಿದ್ದಂಗ. ಭೋಸರಿಯವರು ಹೇಳಿದ್ದ ಬುಶ್ಶಿನ ಕಥಿ ಅದೇ: ಶಾಫ್ಟ್ ತುದಿ ಹಿಡದು ಮ್ಯಾಲೆ ಕೆಳಗ ಅಲಗಿಸಿದ್ರ ಕಣ್ಣಿಗೆ ಕಾಣೂ ಹಂಗ ಆಡತಿತ್ತು. ಶಾಫ್ಟಿನ ಮೈಗೆ ಉಗರು ಸಿಕ್ಕಲಿಲ್ಲ, ಅದೊಂದು ಬಚಾವ್. ತಕ್ಕಡಿ ಮುಳ್ಳು ಅರ್ಧ ಕೆ.ಜಿ.ಗೂ ಬರಲಿಲ್ಲ, ಎರಡು ಶಿಮ್ ತಗದ ಮ್ಯಾಲೆ 1.4ಕ್ಕ ನಿಂತತಿ. ಒಳ ಸೀಲ್, ಬುಶ್, ನಕಲ್ ಕಿಟ್ ಮೂರೂ ಹೊಸಾವು, ನಕಲ್ ಪೂರಾ ಬಿಚ್ಚಿ ಉಂಗುರ ಕತ್ತರಿಸದನ ಹಾಕಿದ್ದು. ಬ್ರೀದರ್ ಹೋಸ್ ಮ್ಯಾಲೆ ಒಯ್ದೀವಿ. ತಾಮ್ಹಿಣಿ ಘಾಟ್ ಹೋಗಿ ಬಂದು ಮೂರು ರಾತ್ರಿ ರಟ್ಟು ಹಾಸಿದ್ರ ಒಂದು ಹನಿ ಇಲ್ಲ.

ಎಡ ಡಿಸ್ಕಿನ ಬ್ರೇಕ್ ಪ್ಯಾಡಿಗೆ ಎಣ್ಣಿ ತಾಗೈತಿ. ಮಿಸ್ತ್ರಿ ಬೆಂಕಿಗೆ ಹಿಡದು ಸುಡೂಣು ಅಂತಾನ.

ಪಾನಾಪೆಟ್ಟಿಗೆ
ಸುಡಬೇಡಿ. ಎಣ್ಣೆ ಪ್ಯಾಡಿನ ಒಳಗೆ ಇಳಿದಿರುತ್ತೆ, ಮೇಲೆ ಸುಟ್ಟರೆ ಅಂಟು ಸಡಿಲ ಆಗಿ ಪ್ಯಾಡ್ ತಟ್ಟೆಯಿಂದ ಕಳಚಬಹುದು. ಎರಡೂ ಗಾಲಿಗೆ ಹೊಸ ಜೋಡಿ ಹಾಕಿ. ಒಂದೇ ಕಡೆ ಹಾಕಿದ್ರೆ ಬ್ರೇಕ್ ಒತ್ತಿದಾಗ ಗಾಡಿ ಎಳೆಯುತ್ತೆ. ಡಿಸ್ಕನ್ನ ಬ್ರೇಕ್ ಕ್ಲೀನರಿಂದ ಒರೆಸಿ. ಎಣ್ಣೆ ಡಿಸ್ಕಿನವರೆಗೆ ಹೋಗಿದೆ ಅಂದ್ರೆ ಸ್ಪಿಂಡಲ್ ದಾಟಿ ಹಬ್ಬಿನೊಳಗೆ ಬಂದಿದೆ. ಹಬ್ ಬೇರಿಂಗಿನ ಗ್ರೀಸ್ ತೆಳುವಾಗಿರುತ್ತೆ. ಬೇರಿಂಗ್ ತೊಳೆದು ಹೊಸ ಗ್ರೀಸ್ ತುಂಬಿದ್ರಾ?

ಬಾವಧನ್_ಜಿಪ್ಸಿ
ಒಳಗಿನ ಬೇರಿಂಗಿಗೆ ತುಂಬೀವಿ, ಹೊರಗಿಂದು ಬಿಟ್ಟೈತಿ. ನಾಳೆ ಪ್ಯಾಡ್ ಜೋಡಿ ಅದನ್ನೂ ತಗೀತೀನಿ.

ನಿಗಡಿ_ಪಾನಾ_ಅಕ್ಕ
ಹಬ್ ಸೀಲನ್ನೂ ಒಮ್ಮೆ ನೋಡಿ, ಎಣ್ಣೆ ಅಲ್ಲಿಂದಲೇ ಡಿಸ್ಕಿಗೆ ದಾಟಿದ್ದು. 500 ಕಿ.ಮೀ. ಆದ ಮೇಲೆ ಕಿಂಗ್‌ಪಿನ್ ಬೋಲ್ಟ್, ಹಬ್ ಅಲುಗಾಟ, ಡಿಫರೆನ್ಷಿಯಲ್ ಮಟ್ಟ ಮೂರೂ ಇನ್ನೊಮ್ಮೆ ನೋಡಿ. ಮಟ್ಟ ಒಂದು ಕೂದಲೂ ಇಳಿದಿರಬಾರದು.

ಭೋಸರಿ_ಲೇಥ್
ಬಲಗಡೆ ಬುಶ್ಶೂ ಅಷ್ಟೇ ಕಿ.ಮೀ. ಓಡೈತಿ, ನೆನಪಿರ್ಲಿ. ಪ್ಯಾಡ್ ಹಾಕಾಕ ಆ ಗಾಲಿನೂ ಹೆಂಗೂ ತಗೀತೀರಿ, ಫ್ಲ್ಯಾಂಜ್ ಬಿಚ್ಚಿ ಶಾಫ್ಟ್ ತುದಿ ಅಲಗಿಸಿ ನೋಡಾಕ ಹತ್ತು ನಿಮಿಷ.